ವೇಗವೂ ವಿಶ್ವಾಸವೂ

ವೇಗದ ಆಶೆ ಮನುಷ್ಯನಿಗೆ ಹೊಸದಲ್ಲ. ದಾರಿ ಸಮವಾಗಿ ಕಂಡೊಡನೆ ಬಂಡಿ ಹೊಡೆಯುವವನ ಕೈ ತಾನಾಗಿಯೇ ಬಾರುಕೋಲಿನ ಕಡೆಗೆ ಹೋಗುತ್ತದೆ. ಬಂಡಿಯ ಕಾಲ ಹೋಗಿ ಕಂಪ್ಯೂಟರಿನ ಕಾಲ ಬಂದರೂ ಈ ಚಪಲವು ಮಾಯವಾಗಲಿಲ್ಲ. ಪ್ರೊಸೆಸರನ್ನು ಅದರ ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಾಗಿ ಓಡಿಸುವ ವಿದ್ಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಇದನ್ನು ಬರಿಯ ಹುಚ್ಚೆಂದು ತಳ್ಳಿಹಾಕುವಂತಿಲ್ಲ. 1998ರಲ್ಲಿ ಇಂಟೆಲ್ ಕಂಪನಿಯು ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದಿತು. ಮದರ್‌ಬೋರ್ಡಿನ ಗಡಿಯಾರ 66 ಮೆಗಾಹರ್ಟ್ಸ್. ಪ್ರೊಸೆಸರು ಅದರ ನಾಲ್ಕೂವರೆ ಪಟ್ಟು, ಎಂದರೆ ಸುಮಾರು 300. ಆ ಗಡಿಯಾರವನ್ನು 100ಕ್ಕೆ ಏರಿಸಿದವರಿಗೆ ಅದೇ ಪ್ರೊಸೆಸರು 450ರಲ್ಲಿ ಓಡಿ ಬೆರಗುಗೊಳಿಸಿತು. ಸಿಲಿಕಾನಿನ ಚೂರುಗಳೆಲ್ಲ ಒಂದೇ ಸತ್ವದವಲ್ಲ. ಆದುದರಿಂದ ತಯಾರಕನು ದುರ್ಬಲವಾದದ್ದನ್ನೂ, ಬೇಸಗೆಯ ಸೆಕೆಯನ್ನೂ, ಮುಂದೆ ಬರುವ ಮುಪ್ಪನ್ನೂ ಎಣಿಸಿ ಸ್ವಲ್ಪ ಅಂತರವನ್ನು ಉಳಿಸಿರುತ್ತಾನೆ. ಓವರ್‌ಕ್ಲಾಕಿಂಗ್ ಈ ಉಳಿತಾಯದಿಂದ ಪಡೆದ ಸಾಲ.

ಸಾಲವು ಮಿತಿ ಮೀರಿದರೆ ಏನಾಗುತ್ತದೆ? 4 ಗಿಗಾಹರ್ಟ್ಸ್ ವೇಗದಲ್ಲಿ ಗಡಿಯಾರದ ಒಂದು ಮಿಡಿತಕ್ಕೆ ದೊರೆಯುವ ಕಾಲ ಸೆಕೆಂಡಿನ 400 ಕೋಟಿಯಲ್ಲಿ ಒಂದು ಭಾಗ. ಅಷ್ಟರೊಳಗೆ ವಿದ್ಯುತ್ ಸಂಕೇತವು ಟ್ರಾನ್ಸಿಸ್ಟರುಗಳ ಸಾಲನ್ನು ದಾಟಿ ತನ್ನ ಸ್ಥಾನವನ್ನು ಸೇರಬೇಕು. ಕಾಲವನ್ನು ಇನ್ನೂ ಮೊಟಕು ಮಾಡಿದರೆ ಸಂಕೇತವು ತಡವಾಗಿ ಬರುತ್ತದೆ; ಒಂದು ಇರಬೇಕಾದಲ್ಲಿ ಸೊನ್ನೆಯೇ ಉಳಿಯುತ್ತದೆ. ಯಂತ್ರವು ಕೂಡಲೇ ಸ್ತಬ್ಧವಾದರೆ ಅದೃಷ್ಟವೆನ್ನಬೇಕು. ತಪ್ಪು ಲೆಕ್ಕವನ್ನು ಸರಿಯೆಂಬಂತೆ ಬರೆದಿಟ್ಟು ಮುಂದೆ ಸಾಗಿದರೆ, ಮನೆಯ ಚಿತ್ರಗಳೂ ವ್ಯಾಪಾರದ ಲೆಕ್ಕವೂ ಸದ್ದಿಲ್ಲದೆ ಕೆಡುತ್ತವೆ. ಕೂಗಿ ಬೀಳುವ ಕಳ್ಳನಿಗಿಂತ ಮನೆಯಲ್ಲಿಯೇ ಉಂಡು ಮಲಗುವ ಕಳ್ಳನು ಭಯಂಕರನಲ್ಲವೇ?

ತಯಾರಕರೂ ಈ ಪೆಟ್ಟನ್ನು ತಿಂದದ್ದುಂಟು. 2000ದಲ್ಲಿ ಇಂಟೆಲ್ ಹೊರತಂದ 1.13 ಗಿಗಾಹರ್ಟ್ಸಿನ ಪೆಂಟಿಯಂ 3 ಮೇಲ್ನೋಟಕ್ಕೆ ಚೆನ್ನಾಗಿಯೇ ಓಡಿತು. ಆದರೆ ಲಿನಕ್ಸಿನ ತಿರುಳಾದ ಕರ್ನಲನ್ನು ಕಂಪೈಲ್ ಮಾಡುವ ದೀರ್ಘ ಕೆಲಸದಲ್ಲಿ ಅದು ಮುಗ್ಗರಿಸುವುದನ್ನು ಪರೀಕ್ಷಕರು ತೋರಿಸಿಕೊಟ್ಟರು. ಅದೇ ವರ್ಷದ ಆಗಸ್ಟಿನಲ್ಲಿ ಕಂಪನಿಯು ಅದನ್ನು ಹಿಂದಕ್ಕೆ ಪಡೆಯಿತು.

ಹಾಗಾದರೆ ರೋಗನಿದಾನವೆಂತು? ಅಸ್ಥಿರವಾದ ಯಂತ್ರದ ಮುಂದೆ ಕುಳಿತವನಿಗೆ ಮೊದಲು ಬರುವ ಬುದ್ಧಿಯು ವೋಲ್ಟೇಜನ್ನು ಏರಿಸುವುದು. ಏರಿಸಿದರೆ ಟ್ರಾನ್ಸಿಸ್ಟರುಗಳು ಚುರುಕಾಗುವುದೇನೋ ನಿಜ. ಆದರೆ ಶಾಖವು ವೋಲ್ಟೇಜಿನ ವರ್ಗವನ್ನೂ ವೇಗವನ್ನೂ ಅನುಸರಿಸಿ ಬೆಳೆಯುತ್ತದೆ. ವೇಗವನ್ನು 4.0ದಿಂದ 4.6 ಗಿಗಾಹರ್ಟ್ಸಿಗೂ, ವೋಲ್ಟೇಜನ್ನು 1.20ರಿಂದ 1.35ಕ್ಕೂ ಒಯ್ದರೆ ವೇಗದ ಲಾಭ ನೂರಕ್ಕೆ 15, ಶಾಖದ ಹೆಚ್ಚಳ ನೂರಕ್ಕೆ ಸುಮಾರು 45. ಬಡ್ಡಿ ಅಸಲನ್ನು ನುಂಗುವುದೆಂದರೆ ಇದೇ.

ವಿವೇಕಿಯು ಮಾಡುವ ಮೊದಲ ಕೆಲಸ ಹಿಂದಕ್ಕೆ ಹೋಗುವುದು. ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟು, ಬಯಾಸಿನಲ್ಲಿ ಎಲ್ಲವನ್ನೂ ಮೂಲಸ್ಥಿತಿಗೆ ತಂದು ನೋಡುತ್ತಾನೆ. ಆಗಲೂ ಯಂತ್ರ ಬಿದ್ದರೆ ಕಾರಣ ಬೇರೆ: ರ್ಯಾಮು, ಪವರ್ ಸಪ್ಲೈ, ಧೂಳು ಹಿಡಿದ ಫ್ಯಾನು. ರ್ಯಾಮಿಗೆ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯುಂಟು. ಮೂಲಸ್ಥಿತಿಯಲ್ಲಿ ಯಂತ್ರವು ನೆಟ್ಟಗೆ ನಿಂತರೆ ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಕಾಗದದಲ್ಲಿ ಬರೆದಿಡುವುದು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಗುಣವಾದರೂ ಯಾವ ಮದ್ದಿನಿಂದ ಗುಣವಾಯಿತೆಂಬುದು ತಿಳಿಯದು.

ಪರೀಕ್ಷೆಗೆ ಪ್ರೈಮ್95 ಪ್ರಸಿದ್ಧವಾದುದು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ, ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಅನ್ವೇಷಣೆಗೆ ಸೇರಿದ ತಂತ್ರಾಂಶವಿದು. ಉತ್ತರ ಮೊದಲೇ ತಿಳಿದಿರುವ ದೊಡ್ಡ ಗಣಿತವನ್ನು ಗಂಟೆಗಟ್ಟಲೆ ಮಾಡಿಸಿ ಇದು ಫಲವನ್ನು ಹೋಲಿಸಿ ನೋಡುತ್ತದೆ. ಯಂತ್ರವು ಬೀಳದಿದ್ದರೂ ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತದೆ. ಆದರೂ ಒಂದೇ ಪರೀಕ್ಷೆ ಸಾಲದು. ಪೂರ್ಣಭಾರ ಹೊತ್ತು ನಿಂತು, ಭಾರವಿಳಿದು ವೋಲ್ಟೇಜು ತಗ್ಗಿದ ಗಳಿಗೆಯಲ್ಲಿ ಕುಸಿಯುವ ಯಂತ್ರಗಳೂ ಉಂಟು. ಚಳಿಗಾಲದ ರಾತ್ರಿಯಲ್ಲಿ ಗೆದ್ದದ್ದು ಬೇಸಗೆಯ ಮಧ್ಯಾಹ್ನದಲ್ಲಿ ಸೋಲಬಹುದು.

ಇಷ್ಟು ಪರಿಶ್ರಮದ ಕೊನೆಯಲ್ಲಿ ಅನೇಕರಿಗೆ ದೊರೆಯುವ ಪರಿಹಾರ ಸರಳವಾದುದು: ನೂರೋ ಇನ್ನೂರೋ ಮೆಗಾಹರ್ಟ್ಸನ್ನು ಬಿಟ್ಟುಕೊಡುವುದು. ಅಭಿಮಾನಕ್ಕೆ ಇದು ಕಹಿ. ಬಳಸುವವನ ಕಣ್ಣಿಗೆ ಆ ಅಂತರವು ಕಾಣುವುದೂ ಇಲ್ಲ. ಲೆಕ್ಕ ಮಾಡುವ ಯಂತ್ರದ ಬೆಲೆಯೆಲ್ಲ ಲೆಕ್ಕವು ಸರಿಯಿರುವುದರಲ್ಲಿದೆ. ತಪ್ಪನ್ನು ಬೇಗ ಹೇಳುವ ಕರಣಿಕನನ್ನು ಯಾವ ಯಜಮಾನನೂ ಇಟ್ಟುಕೊಳ್ಳಲಾರ.