ಹಣೆಪಟ್ಟಿ ಹೇಳಿದ್ದು, ಯಂತ್ರ ತೋರಿಸಿದ್ದು

ವಸ್ತುವೊಂದರ ಮೇಲೆ ಏನು ಬರೆದಿದೆಯೋ ಅದನ್ನೇ ನಂಬಿ ಕೊಳ್ಳುವುದು ನಮ್ಮೆಲ್ಲರ ರೂಢಿ. ಅಕ್ಕಿಯ ಚೀಲದ ಮೇಲಿನ ಹೆಸರು, ಔಷಧದ ಬಾಟಲಿಗೆ ಅಂಟಿಸಿದ ಚೀಟಿ, ಅಂಗಡಿಯ ಮುಂದಿನ ಫಲಕ - ಇವುಗಳ ಆಚೆಗೆ ಒಳಗೇನಿದೆ ಎಂದು ಬಿಚ್ಚಿ ನೋಡುವವರು ವಿರಳ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು, ನಿವೃತ್ತಿಯ ನಂತರ ಹಳಿಯಾಳದ ಒಂದು ಗ್ಯಾರೇಜಿನ ಬಾಗಿಲಲ್ಲಿ ನಿಂತು ಈ ಕುರಿತು ಒಂದು ಪಾಠ ಕಲಿತೆ. ಕಲಿಸಿದ್ದು ನಮ್ಮ ಮನೆಯ ಹಳೆಯ ಕಾರು ಮತ್ತು ಅದರೊಳಗೆ ಮುಷ್ಟಿಯಷ್ಟು ಗಾತ್ರದ ಒಂದು ಯಂತ್ರಭಾಗ.

2019ರಲ್ಲಿ ನನ್ನ ಮಗ, 2011ನೇ ವರ್ಷದ ಫಿಯೆಟ್ ಗ್ರಾಂಡೆ ಪುಂಟೊ ಡೀಸೆಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡು ದಾಂಡೇಲಿಗೆ ತಂದ. ಆಕಾರದಲ್ಲಿ ಚಿಕ್ಕದಾಗಿದ್ದು ಓಟದಲ್ಲಿ ಚುರುಕಾಗಿರುವ ಕಾರುಗಳೆಂದರೆ ಅವನಿಗೆ ಮೊದಲಿನಿಂದಲೂ ಮೋಹ. ಫಿಯೆಟ್ ಸಂಸ್ಥೆ 2015ರಲ್ಲಿ ಇದೇ ಕಾರಿಗೆ 145 ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್ ಕೂರಿಸಿ 'ಅಬಾರ್ತ್ ಪುಂಟೊ' ಎಂದು ಮಾರಾಟಕ್ಕೆ ತಂದಿತ್ತು. ಅದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಡೀಸೆಲ್ ಪುಂಟೊದಲ್ಲಿ 75 ಅಶ್ವಶಕ್ತಿಯದು ಮತ್ತು 90 ಅಶ್ವಶಕ್ತಿಯದು ಎಂದು ಎರಡು ಬಗೆ. ನಮ್ಮ ಕಾರಿನ ಹಿಂಬಾಗಿಲ ಮೇಲೆ 90 ಎಂಬ ಅಂಕೆ ಹೊಳೆಯುತ್ತಿತ್ತು. ಆ ಅಂಕೆಗಾಗಿಯೇ ನಾವು ಸುಮಾರು 30,000 ರೂಪಾಯಿ ಹೆಚ್ಚು ತೆತ್ತಿದ್ದೆವು.

ಮೂರು ವರ್ಷ ಕಾರು ನಿರಾತಂಕವಾಗಿ ಓಡಿತು. 2022ರ ಮಳೆಗಾಲ ಮುಗಿದ ಮೇಲೆ ಜೋಯಿಡಾ ಮಾರ್ಗವಾಗಿ ಕಾರವಾರಕ್ಕೆ ಹೋಗಿ ಮರಳುವಾಗ ಅಣಶಿ ಘಟ್ಟದ ಏರಿನಲ್ಲಿ ಅದರ ಶಕ್ತಿ ಕುಂದಿತು. ಸೀಟಿಯಂಥ ಸದ್ದು ಕೇಳಿಸಿತು. ಹಿಂದಿನಿಂದ ನೀಲಿ ಹೊಗೆ ಕಾಡಿನ ತಿರುವುಗಳಲ್ಲಿ ತೆಳ್ಳಗೆ ತೇಲತೊಡಗಿತು. ಹೇಗೋ ದಾಂಡೇಲಿ ಸೇರಿ, ಮರುದಿನ ನಿಧಾನವಾಗಿ ಹಳಿಯಾಳದ ಹಿರಿಯ ಮಿಸ್ತ್ರಿಯೊಬ್ಬರ ಬಳಿಗೆ ಒಯ್ದೆವು. ಅವರು ಗಾಳಿಯ ಕೊಳವೆ ಬಿಚ್ಚಿ, ಒಳಗಿನ ಚಕ್ರವನ್ನು ಎರಡು ಬೆರಳಿನಿಂದ ಅಲ್ಲಾಡಿಸಿ, "ಟರ್ಬೊ ಹೋಗಿದೆ ಮಾಸ್ತರೇ. ಆಯಿಲ್ ಬದಲಿಸುವುದನ್ನು ಮರೆತಿದ್ದೀರಿ" ಎಂದರು. ಮಗ ತಲೆ ತಗ್ಗಿಸಿದ. ತಪ್ಪು ನಮ್ಮದೇ ಆಗಿತ್ತು.

ಟರ್ಬೊ ಎಂದರೇನು ಎಂಬುದನ್ನು ನಾನು ಅಲ್ಲಿಯೇ ತಿಳಿದುಕೊಂಡೆ. ಇಂಜಿನ್ ಹೊರಬಿಡುವ ಬಿಸಿ ಹೊಗೆ ವ್ಯರ್ಥವಾಗದಂತೆ, ಅದರ ರಭಸದಿಂದ ಒಂದು ಚಕ್ರವನ್ನು ತಿರುಗಿಸುತ್ತಾರೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನ ಉರಿಯಬಲ್ಲದು, ಚಿಕ್ಕ ಇಂಜಿನ್ ದೊಡ್ಡದರ ಕೆಲಸ ಮಾಡಬಲ್ಲದು. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಈ ತತ್ತ್ವಕ್ಕೆ ಪೇಟೆಂಟ್ ಪಡೆದಿದ್ದರು. ಚಿಕ್ಕ ಕಾರುಗಳ ಟರ್ಬೊದಲ್ಲಿ ಆ ಅಚ್ಚು ನಿಮಿಷಕ್ಕೆ 2 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದುಂಟು. ಅಷ್ಟು ವೇಗದಲ್ಲಿ ಅದನ್ನು ಹೊತ್ತು ನಿಲ್ಲಿಸುವುದು ಆಯಿಲ್‌ನ ತೆಳು ಪದರ ಮಾತ್ರ. ಆಯಿಲ್ ಕೆಟ್ಟರೆ ಅಚ್ಚು ಸವೆಯುತ್ತದೆ. ಘಟ್ಟ ಏರಿದ ಕೂಡಲೇ ಇಂಜಿನ್ ಆರಿಸಿದರೂ, ಕಾದ ಅಚ್ಚಿನ ಸುತ್ತಲಿನ ಆಯಿಲ್ ಹರಿಯುವುದು ನಿಂತು ಕರಕಲಾಗುತ್ತದೆ. ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ನಿಲ್ಲಿಸಬೇಕೆಂಬುದು ಮಿಸ್ತ್ರಿಯ ಮೊದಲ ಪಾಠ.

ಮಗ ಆಗಲೇ ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಗೆ ಫೋನ್ ಹಚ್ಚಿ "90ರ ಟರ್ಬೊ ಬೇಕು" ಎನ್ನುತ್ತಿದ್ದ. ಒಮ್ಮೆ ತರಿಸಿದ ಟರ್ಬೊವನ್ನು ಮರಳಿ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಹೇಳಿದ್ದು ನನಗೂ ಕೇಳಿಸಿತು. ಮಿಸ್ತ್ರಿ ಕೈ ಎತ್ತಿ ತಡೆದರು. "ಸ್ವಲ್ಪ ನಿಲ್ಲು ತಮ್ಮಾ. ಹಿಂದಿನ ಬಾಗಿಲು ಹೇಳಿದ್ದನ್ನು ನೀನು ಹೇಳುತ್ತಿದ್ದೀ. ಇಂಜಿನ್ ಏನು ಹೇಳುತ್ತದೋ ನೋಡೋಣ."

ಎರಡೂ ಬಗೆಯ ಪುಂಟೊಗಳಿಗೆ ಇರುವುದು 1248 ಸಿಸಿಯ ಒಂದೇ ಮಲ್ಟಿಜೆಟ್ ಇಂಜಿನ್. ಆದುದರಿಂದ ಆರ್‌ಸಿ ಪುಸ್ತಕದಲ್ಲಿ ಸಿಸಿ ನೋಡಿ ಪ್ರಯೋಜನವಿಲ್ಲ. ಮುಖ್ಯ ವ್ಯತ್ಯಾಸವಿರುವುದು ಟರ್ಬೊದಲ್ಲಿ. 75ರ ಟರ್ಬೊ ಸ್ಥಿರ ರಚನೆಯದು. ಹೊಗೆ ಹಾಯುವ ದಾರಿಯ ಅಗಲ ಅದರಲ್ಲಿ ಬದಲಾಗುವುದಿಲ್ಲ. ಗಾಳಿಯ ಒತ್ತಡ ಮಿತಿಮೀರಿದಾಗ ಮಾತ್ರ ವೇಸ್ಟ್‌ಗೇಟ್ ಎಂಬ ಪುಟ್ಟ ಕದ ತೆರೆದು, ಹೆಚ್ಚಾದ ಹೊಗೆಯನ್ನು ಪಕ್ಕದಿಂದ ಹೊರಬಿಡುತ್ತದೆ. 90ರ ಟರ್ಬೊದಲ್ಲಾದರೋ ಹೊಗೆಯ ಚಕ್ರದ ಸುತ್ತ ಕಿಟಕಿಯ ಪಟ್ಟಿಗಳಂತೆ ತಿರುಗುವ ಅಲಗುಗಳಿವೆ. ಇಂಜಿನ್ ನಿಧಾನವಾಗಿದ್ದಾಗ ಅವು ಒತ್ತಾಗಿ ನಿಂತು ದಾರಿಯನ್ನು ಕಿರಿದಾಗಿಸುತ್ತವೆ, ವೇಗ ಏರಿದಂತೆ ತೆರೆದುಕೊಳ್ಳುತ್ತವೆ. ನಮ್ಮ ಕಾಳಿ ನದಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬಯಲಿನಲ್ಲಿ ಸೌಮ್ಯವಾಗಿ ಹರಿಯುವ ಅದೇ ನೀರು ಎರಡು ಬಂಡೆಗಳ ನಡುವೆ ಸಿಕ್ಕಾಗ ಎಷ್ಟು ರಭಸದಿಂದ ನುಗ್ಗುತ್ತದೆ!

ಮಿಸ್ತ್ರಿ ಮೂರು ಪರೀಕ್ಷೆ ಮಾಡಿದರು. ಮೊದಲನೆಯದು ಕಣ್ಣಿಗೆ ಕಾಣುವಂಥದು. ಟರ್ಬೊದ ಪಕ್ಕದಲ್ಲಿ ಚಿಕ್ಕ ಡಬ್ಬಿಯಂಥ ಆಕ್ಚುಯೇಟರ್ ಇದ್ದು, ಅದರಿಂದ ಒಂದು ಕಡ್ಡಿ ಹೊರಟಿರುತ್ತದೆ. ಅಲಗುಗಳಿರುವ ಟರ್ಬೊದಲ್ಲಿ ಆ ಡಬ್ಬಿ ಕೆಲಸ ಮಾಡುವುದು ನಿರ್ವಾತದ ಸೆಳೆತದಿಂದ. ಹೀಗಾಗಿ ಇಂಜಿನ್ ಚಾಲೂ ಮಾಡಿದೊಡನೆ ಕಡ್ಡಿ ಎಳೆದುಕೊಳ್ಳುತ್ತದೆ, ಆರಿಸಿದರೆ ಹಿಂದಕ್ಕೆ ಬರುತ್ತದೆ. ಸ್ಥಿರ ರಚನೆಯದರಲ್ಲಿ ಗಾಳಿಯ ಒತ್ತಡ ಏರುವವರೆಗೆ ಕಡ್ಡಿ ಅಲುಗುವುದಿಲ್ಲ. ಮಗ ಕೀಲಿ ತಿರುಗಿಸಿದ. ಮಿಸ್ತ್ರಿ ಟಾರ್ಚ್ ಹಿಡಿದರು. ನಾನು ಬಗ್ಗಿ ನೋಡಿದೆ. ಕಡ್ಡಿ ನಿಶ್ಚಲವಾಗಿತ್ತು.

"ಇದೊಂದೇ ಸಾಕ್ಷಿ ಸಾಲದು. ನಳಿಕೆ ಒಡೆದಿದ್ದರೂ ಕಡ್ಡಿ ಅಲುಗದು" ಎಂದ ಅವರು ಎರಡನೆಯ ಪರೀಕ್ಷೆಗೆ ಹೊರಟರು. ಡಬ್ಬಿಗೆ ಬಂದು ಸೇರುವ ರಬ್ಬರ್ ನಳಿಕೆಯನ್ನು ಬೆರಳಿನಿಂದ ಸವರುತ್ತ ಅದರ ಮೂಲದವರೆಗೆ ಹೋದರು. ಅಲಗಿನ ಟರ್ಬೊ ಆಗಿದ್ದರೆ ಅದು ವಿದ್ಯುತ್ತಿನಿಂದ ನಡೆಯುವ ಒಂದು ವಾಲ್ವಿಗೆ, ಅಲ್ಲಿಂದ ನಿರ್ವಾತದ ಪಂಪಿಗೆ ಹೋಗಬೇಕು. ನಮ್ಮದು ಗೇಣುದ್ದ ಸಾಗಿ, ಟರ್ಬೊದ ಗಾಳಿ ಒತ್ತುವ ಭಾಗಕ್ಕೇ ಸೇರಿಕೊಂಡಿತ್ತು.

ಮೂರನೆಯದು ಟರ್ಬೊದ ಮೈಮೇಲಿನ ಪುಟ್ಟ ಲೋಹದ ಫಲಕ. ಎಣ್ಣೆ, ಮಸಿ, ಧೂಳು ಸೇರಿ ಅದು ಕಾಣದಂತಾಗಿತ್ತು. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಹಲ್ಲಿನ ವೈದ್ಯರು ಬಳಸುವಂಥ ಕನ್ನಡಿ ಹಿಡಿದು ಓದಿದರು. ಈ ಇಂಜಿನ್ನಿಗೆ ಬರುವ ಬೋರ್ಗ್‌ವಾರ್ನರ್ ಟರ್ಬೊಗಳಲ್ಲಿ ಕೆಪಿ35 ಎಂದರೆ ಸ್ಥಿರ ರಚನೆಯದು, ಬಿವಿ35 ಎಂದರೆ ಅಲಗುಗಳಿರುವಂಥದು. ಕನ್ನಡಿಯಲ್ಲಿ ಕಂಡದ್ದು ಕೆಪಿ35.

ಮಗನ ಮುಖ ಬಾಡಿತು. ಮೂರು ವರ್ಷ ಅವನು 90 ಎಂದು ಓಡಿಸಿದ್ದು 75 ಅಶ್ವಶಕ್ತಿಯ ಕಾರನ್ನು. "ಓಡಿಸುವಾಗ ಗೊತ್ತಾಗಲಿಲ್ಲವೇ?" ಎಂದು ಕೇಳಿದೆ. ಉತ್ತರ ಕೊಟ್ಟವರು ಮಿಸ್ತ್ರಿ: "ಹೇಗೆ ಗೊತ್ತಾಗಬೇಕು ಮಾಸ್ತರೇ? ಎರಡೂ ಕೆಳಗಿನ ವೇಗದಲ್ಲಿ ಸ್ವಲ್ಪ ತಡವರಿಸುತ್ತವೆ. ಹಳೆಯ ಗಾಡಿಯಾದರೆ ಗಾಳಿಯ ಫಿಲ್ಟರ್ ಕಟ್ಟಿರುತ್ತದೆ, ಕೊಳವೆ ಸೋರುತ್ತಿರುತ್ತದೆ. ಬಾಗಿಲ ಮೇಲೆ 90 ಎಂದು ಇದ್ದರೆ ಮನಸ್ಸು ಅಷ್ಟು ವೇಗವನ್ನು ತಾನೇ ಸೇರಿಸಿಕೊಳ್ಳುತ್ತದೆ." ಇದು ನಮ್ಮೊಬ್ಬರ ಕಾರಿನ ಸಂಗತಿಯಲ್ಲ. ಫಿಯೆಟ್‌ನ ಇದೇ ಇಂಜಿನ್ 75ರ ರೂಪದಲ್ಲಿ ಮಾರುತಿ ಸ್ವಿಫ್ಟ್ ಮತ್ತು ಟಾಟಾ ವಿಸ್ಟಾದಲ್ಲಿಯೂ, 90ರ ರೂಪದಲ್ಲಿ ಎರ್ಟಿಗಾ, ಎಸ್‌ಎಕ್ಸ್4 ಹಾಗೂ ಮಾಂಜಾದಲ್ಲಿಯೂ ಬಂದಿದೆ. ಗುಜರಿಯಲ್ಲಿ ಎರಡೂ ಬಗೆಯ ಟರ್ಬೊಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಹೆಸರು ನಂಬಿ ಕೊಂಡವರು ಕೆಡುತ್ತಾರೆ, ಬಿಚ್ಚಿ ನೋಡಿದವರು ಉಳಿಯುತ್ತಾರೆ.

ಆ ಪಟ್ಟಿಯನ್ನು ಅಂಟಿಸಿದವರು ಯಾರೋ ತಿಳಿಯದು. ನಮಗಿಂತ ಮೊದಲು ಕಾರು ಇಬ್ಬರ ಕೈ ದಾಟಿತ್ತು. ನಮಗೆ ಮಾರಿದವರೂ ಅದನ್ನು ನಂಬಿಯೇ ಕೊಂಡಿರಬಹುದು. ಸರಿಯಾದ ಟರ್ಬೊ ತರಿಸಿ ಕೂರಿಸಿದೆವು, ಕಾರು ಮತ್ತೆ ಓಡಿತು. ಅಂದು ಅವಸರದಲ್ಲಿ 90ರದನ್ನು ತರಿಸಿದ್ದರೆ, ಅದನ್ನು ನಡೆಸುವ ನಿರ್ವಾತದ ವ್ಯವಸ್ಥೆಯೇ ಇಲ್ಲದ ನಮ್ಮ ಕಾರಿಗೆ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಹಣವೂ ಹೋಗುತ್ತಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ನಿಜವಾದ ಪರೀಕ್ಷೆ ಬಂದದ್ದು 2023ರಲ್ಲಿ, ಮಗಳ ನರ್ಸಿಂಗ್ ಶಿಕ್ಷಣದ ಶುಲ್ಕಕ್ಕಾಗಿ ಆ ಕಾರನ್ನು ಮಾರಲು ಹೊರಟಾಗ. ಮುಂಡಗೋಡದ ಒಬ್ಬ ಯುವಕ ಕಾರಿನ ಚಿತ್ರ ನೋಡಿ, ತಾನು ಬಹುಕಾಲದಿಂದ 90 ಅಶ್ವಶಕ್ತಿಯ ಪುಂಟೊವನ್ನೇ ಹುಡುಕುತ್ತಿರುವುದಾಗಿ ಹೇಳಿ 2,10,000 ರೂಪಾಯಿ ಕೊಡಲು ಮುಂದಾದ. 75ರದು ಎಂದರೆ 1,75,000 ಬಂದರೆ ಹೆಚ್ಚು. ಮಗ ರಾತ್ರಿ ಊಟದ ಹೊತ್ತಿಗೆ ಮೆಲ್ಲನೆ ಹೇಳಿದ: "ಪಪ್ಪಾ, ಆ ಪಟ್ಟಿಯನ್ನು ನಾವು ಅಂಟಿಸಿದ್ದಲ್ಲವಲ್ಲ. ನಮಗೆ ಹೇಗೆ ಬಂತೋ ಹಾಗೆಯೇ ಕೊಡುತ್ತೇವೆ. ಅವರು ಕೇಳಿದರೆ ಹೇಳೋಣ."

ನಾನು ಆಗ ಏನೂ ಹೇಳಲಿಲ್ಲ. ಸತ್ಯ ನುಡಿಯಬೇಕೆಂದು ತರಗತಿಯಲ್ಲಿ ನೂರಾರು ಬಾರಿ ಹೇಳಿದವನು, ಆ ರಾತ್ರಿ ಕಣ್ಣು ಮುಚ್ಚಿಕೊಂಡು ಶುಲ್ಕದ ಲೆಕ್ಕ ಹಾಕುತ್ತಿದ್ದೆ ಎಂಬುದನ್ನು ಇಲ್ಲಿ ಮರೆಮಾಚಲಾರೆ. ಮಗನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಬೆಳಗಿನ ಜಾವಕ್ಕೆ ನನಗೆ ಸ್ಪಷ್ಟವಾದದ್ದು ಇಷ್ಟು: ಮಿಸ್ತ್ರಿ ಆ ಫಲಕ ಒರೆಸುವವರೆಗೆ ನಾವು ಮೋಸಹೋದವರಾಗಿದ್ದೆವು, ಒರೆಸಿದ ಮೇಲೆಯೂ ಸುಮ್ಮನಿದ್ದರೆ ಮೋಸ ಮಾಡಿದವರಾಗುತ್ತೇವೆ. ಕಾರಿನಲ್ಲಿ ಏನೂ ಬದಲಾಗಿರಲಿಲ್ಲ, ಬದಲಾಗಿದ್ದು ನಮ್ಮ ತಿಳಿವಳಿಕೆ. ನಾಳೆ ಆ ಹುಡುಗ ಅಂಕೆ ನಂಬಿ ತಪ್ಪು ಟರ್ಬೊ ತರಿಸಿದರೆ, ಅವನನ್ನು ತಡೆಯಲು ಹಳಿಯಾಳದ ಮಿಸ್ತ್ರಿಯಂಥವರು ಅಲ್ಲಿರುತ್ತಾರೆಯೇ?

ಭಾನುವಾರ ಯುವಕ ತನ್ನ ತಂದೆಯೊಂದಿಗೆ ಬಂದ. ಚಹಾ ಕೊಡುವ ಮೊದಲೇ ನಾನು ವಿಷಯ ತಿಳಿಸಿದೆ. ಮಗ ಬಾನೆಟ್ ಎತ್ತಿ ಕಡ್ಡಿ, ನಳಿಕೆ, ಫಲಕ ಮೂರನ್ನೂ ತಾನೇ ತೋರಿಸಿದ. ತಂದೆ ಬಹಳ ಹೊತ್ತು ಮೌನವಾಗಿದ್ದು, "ನಮ್ಮವನಿಗೆ 90ರದೇ ಬೇಕಿತ್ತು ಸರ್. ಹೇಳಿದ್ದಕ್ಕೆ ಉಪಕಾರವಾಯಿತು" ಎಂದು ಕೈಮುಗಿದು ಹೊರಟರು. ಅವರ ಬೈಕಿನ ಸದ್ದು ತಿರುವಿನಲ್ಲಿ ಮರೆಯಾದಾಗ ನನ್ನೊಳಗೆ ಯಾವ ಸಂತೋಷವೂ ಉಕ್ಕಲಿಲ್ಲ. ಮೂರು ವಾರದ ನಂತರ ಜೋಯಿಡಾದ ಕೃಷಿಕರೊಬ್ಬರು ಎಲ್ಲವನ್ನೂ ತಿಳಿದೇ 1,70,000ಕ್ಕೆ ಕೊಂಡರು. ಕಡಿಮೆ ಬಿದ್ದ ಹಣಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದೆ. ಅದರ ಕಂತು ತೀರಲು ಒಂದು ವರ್ಷ ಹಿಡಿಯಿತು. ಸತ್ಯ ಹೇಳಿದವರಿಗೆ ಕೂಡಲೇ ಪ್ರತಿಫಲ ಸಿಗುತ್ತದೆ ಎಂದು ನಾನು ಹೇಳಲಾರೆ.

ಆದರೆ ಕಾರು ಕೊಡುವ ಮುನ್ನಾದಿನ ಮಗ ತಾನಾಗಿಯೇ ಒಂದು ಕೆಲಸ ಮಾಡಿದ. ಬಿಸಿನೀರಿನ ಬಟ್ಟೆ ಒತ್ತಿ ಆ 90ನ್ನು ಕಿತ್ತು ತೆಗೆದ. ಅದರಡಿಯ ಬಣ್ಣ ಸುತ್ತಲಿನದಕ್ಕಿಂತ ಹೊಸದಾಗಿ ಕಾಣುತ್ತಿತ್ತು. ಇನ್ನೂ ಕೆಲವು ತಿಂಗಳ ನಂತರ ಮುಂಡಗೋಡದ ಆ ಯುವಕನಿಂದ ಫೋನ್ ಬಂತು. ಹುಬ್ಬಳ್ಳಿಯಲ್ಲಿ ಒಂದು ಪುಂಟೊ ನೋಡಿರುವುದಾಗಿಯೂ, ಹಣ ಕೊಡುವ ಮೊದಲು ಬಂದು ಪರೀಕ್ಷಿಸಿ ಹೇಳಬೇಕೆಂದೂ ಮಗನನ್ನು ಕೇಳಿಕೊಂಡ. ಮಗ ಟಾರ್ಚ್ ಮತ್ತು ಪುಟ್ಟ ಕನ್ನಡಿ ಜೇಬಿಗೆ ಹಾಕಿಕೊಂಡು ಮುಂಜಾನೆಯ ಬಸ್ಸು ಹತ್ತಿದ. ಸಂಜೆ ಮರಳಿದವನನ್ನು "ಏನಾಯಿತು?" ಎಂದು ಕೇಳಿದೆ.

"ಕಡ್ಡಿ ಅಲುಗಿತು ಪಪ್ಪಾ" ಎಂದ.

ನಮ್ಮ ಹಣೆಯ ಮೇಲೂ ಒಂದೊಂದು ಪಟ್ಟಿ ಇದೆ. ಕೆಲವನ್ನು ನಾವೇ ಅಂಟಿಸಿಕೊಂಡಿದ್ದೇವೆ, ಕೆಲವನ್ನು ಹಿಂದಿನವರು ಅಂಟಿಸಿ ಹೋಗಿದ್ದಾರೆ. 'ಮಾಸ್ತರ' ಎಂಬುದು ನನ್ನದು. ಅದರಡಿಯಲ್ಲಿ ಏನಿದೆ ಎಂದು ಒರೆಸಿ ನೋಡುವ ಧೈರ್ಯವನ್ನು ಹಳಿಯಾಳದ ಮಿಸ್ತ್ರಿಯ ಸೀಮೆಎಣ್ಣೆಯ ಬಟ್ಟೆ ನನಗೆ ಆ ವರ್ಷ ಕೊಟ್ಟಿತು.