ಅಜ್ಜಿಯ ತವರಿನ ಹೆಸರು

ಪ್ರಾಜೆಕ್ಟ್ ಕೆಲಸಕ್ಕೆ ಎಡಿನ್‌ಬರೋದಲ್ಲಿದ್ದಾಗ, ಸಹೋದ್ಯೋಗಿಯೊಬ್ಬ ರಜೆ ಬಂದರೆ ಸಾಕು ತನ್ನ ವಂಶದ ಬೇರು ಹುಡುಕುತ್ತಿದ್ದ. ಹಿರೀಕರು ಉತ್ತರದ ಸ್ಟ್ರಾತ್‌ನೇವರ್ ಕಣಿವೆಯ ಗೇಣಿ ರೈತರು. ಕುರಿ ಸಾಕಣೆ ಲಾಭವೆಂದು 1814 ಮತ್ತು 1819ರಲ್ಲಿ ಜಮೀನ್ದಾರರ ಕಡೆಯವರು ಅಲ್ಲಿನ ಹಳ್ಳಿಗಳನ್ನೇ ಎಬ್ಬಿಸಿದ್ದರು.

ಊರು ಹೋಯ್ತು, ಹೆಸರು ಉಳಿದಿವೆ. ಸ್ಕಾಟ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವಿನ ನೋಂದಣಿ 1855ರಿಂದಲೇ ಕಡ್ಡಾಯ. ಹಳೇ ಮರಣಪತ್ರವೊಂದನ್ನು ತೋರಿಸಿದ. ಕೂಲಿಯವನ ಹೆಂಡತಿಯದು. ಗಂಡನ ಹೆಸರು, ಅಪ್ಪ ಅಮ್ಮನ ಹೆಸರು, ಅಮ್ಮನ ತವರಿನ ಮನೆತನ ಕೂಡ! ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡೋದು ಅವರಲ್ಲೂ ಹಳೇ ರೂಢಿಯಂತೆ. "ನಂಗೂ ತಾತನ ಹೆಸರೇ" ಅಂದೆ.

"ಅಜ್ಜಿಯ ಅಮ್ಮನ ಹೆಸರು?" ಅಂತ ಕೇಳಿದ. ಗೊತ್ತಿರಲಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಮದುವೇಲಿ ಅವ್ವನ ಹೆಸರೇ ಬದಲಾಯ್ಸಿದ್ರು ಕಣೋ. ಮೊದಲಿಂದು ನಂಗೇ ಗೊತ್ತಿಲ್ಲ, ಇನ್ನು ಅವ್ರವ್ವಂದು ಎಲ್ಲಿಂದ ತರ್ಲಿ? ಚಿಕ್ಕವ್ವನ್ನ ಕೇಳು, ಅವಳೊಬ್ಳೇ ಉಳಿದಿರೋದು."

ಅವರ ದಾಖಲೆ ಕಚೇರಿಯಲ್ಲಿದೆ. ನಮ್ಮದು ಎಂಬತ್ತಾರರ ಮುದುಕಿಯ ತಲೆಯಲ್ಲಿ. ಬ್ಯಾಕಪ್ ಇಲ್ಲ.

ಮರುದಿನ ಫೋನ್ ಹಿಡಿದು ಮೂರು ಸಲ ಕೂಗಿದೆ, ಚಿಕ್ಕಜ್ಜಿಗೆ ಕಿವಿ ಮಂದ. ಕೊನೆಗೆ ಎರಡೂ ಹೆಸರು ಹೇಳಿ, "ಯಾಕ್ ಮಗಾ, ಇಷ್ಟ್ ದಿನ ಯಾರೂ ಕೇಳ್ಲಿಲ್ವಲ್ಲ" ಅಂತ ಅತ್ತಳು.

ಬರೆದುಕೊಂಡೆ.