ಯಲಹಂಕದಿಂದ ಕಂಠೀರವಕ್ಕೆ ನೀಲಿ ಅಂಗಿಯ ಪಯಣ

ಬೆಂಗಳೂರಿನ ಫುಟ್‌ಬಾಲ್ ಎಂದರೆ ಹಳಬರಿಗೆ ನೆನಪಾಗುವುದು ದಂಡು ಪ್ರದೇಶ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್‌ಗಳ ಗಲ್ಲಿಗಳಲ್ಲೇ ಈ ಆಟ ಬೇರು ಬಿಟ್ಟದ್ದು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರೇ. ನಮ್ಮ ಉತ್ತರ ಭಾಗಕ್ಕೆ ಅಂಥ ಭಾಗ್ಯವಿರಲಿಲ್ಲ. ಯಲಹಂಕದಲ್ಲಿ ವಾಯುನೆಲೆ, ರೈಲು ಗಾಲಿ ಕಾರ್ಖಾನೆ, ಹೆಬ್ಬಾಳದಲ್ಲಿ ಕೆರೆ, ಕೃಷಿ ವಿಶ್ವವಿದ್ಯಾಲಯ, ಯಶವಂತಪುರದಲ್ಲಿ ಮಂಡಿ. ಹುಡುಗರ ಕೈಗೆ ಸಿಕ್ಕಿದ್ದು ಕ್ರಿಕೆಟ್ ಬ್ಯಾಟು.

ಆದರೂ ಪಂದ್ಯವಿರುವ ಸಂಜೆ ಯಲಹಂಕದ ಬಸ್ ನಿಲ್ದಾಣದಲ್ಲಿ ನೀಲಿ ಅಂಗಿಯ ನಾಲ್ಕಾರು ಮಂದಿ ಕಾಣಸಿಗುತ್ತಾರೆ. ಅವರಲ್ಲಿ ತಲೆ ನರೆತವನು ಸಾಮಾನ್ಯವಾಗಿ ನಾನೊಬ್ಬನೇ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಅದೇ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ಮೊದಲ ಪಂದ್ಯ, 1-1 ಸಮ. ಆ ಮೈದಾನದ ಪಶ್ಚಿಮದ ಗ್ಯಾಲರಿಯಲ್ಲಿ ಕೂಡಿದ ಅಭಿಮಾನಿಗಳೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಆದರು. ಮೊದಲ ವರ್ಷವೇ ಐ-ಲೀಗ್ ಕಿರೀಟ! 2014ರಲ್ಲಿ ತಂಡ ಕಂಠೀರವಕ್ಕೆ ಬಂತು. ನಮ್ಮ ಪಯಣವೂ ಅಲ್ಲಿಗೇ ತಿರುಗಿತು.

ಪಯಣವೆಂದರೆ ಹದಿನಾರು-ಹದಿನೇಳು ಕಿಲೋಮೀಟರ್, ಅಷ್ಟೇ. ಆದರೆ ನಡುವೆ ಹೆಬ್ಬಾಳವಿದೆಯಲ್ಲ! ಜಕ್ಕೂರಿನವರೆಗೆ ಹಾಡುತ್ತಾ ಬಂದ ಹುಡುಗರು ಮೇಲ್ಸೇತುವೆಯ ಬುಡದಲ್ಲಿ ಗಡಿಯಾರ ನೋಡತೊಡಗುತ್ತಾರೆ. ಮೇಖ್ರಿ ವೃತ್ತ ದಾಟಿದರೆ ಮತ್ತೆ ಹಾಡು. ಆರ್.ಟಿ. ನಗರದವರಿಗೆ ಶಿವಾಜಿನಗರದ ಬಸ್ಸು ಅನುಕೂಲ. ಯಶವಂತಪುರದವರೇ ಪುಣ್ಯವಂತರು: ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಉಳಿದದ್ದು ಕಾಲ್ನಡಿಗೆ.

ಕಂಠೀರವ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಪ್ರೇಕ್ಷಕರಿಗೂ ಹುಲ್ಲಿಗೂ ನಡುವೆ ಓಟದ ಪಥ ಹಾದುಹೋಗುತ್ತದೆ. ಫುಟ್‌ಬಾಲ್‌ನಿಂದ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ ಎಂಬ ಓಟಗಾರರ ದೂರು ಹೈಕೋರ್ಟಿನವರೆಗೂ ಹೋಗಿತ್ತು. ನನ್ನನ್ನು ಕೇಳಿದರೆ ಅವರ ಮಾತಿನಲ್ಲೂ ನ್ಯಾಯವಿದೆ. ಇಷ್ಟು ದೊಡ್ಡ ಊರಿಗೆ ಒಂದೇ ಮೈದಾನವನ್ನು ಇಬ್ಬರು ಹಂಚಿಕೊಳ್ಳಬೇಕಾಗಿ ಬಂದದ್ದು ಯಾರಿಗೂ ಶೋಭೆಯಲ್ಲ.

ಆ ದೂರದಿಂದ ವಿಜ್ಞಾನದ ಮೇಷ್ಟ್ರಿಗೆ ಒಂದು ಲಾಭವುಂಟು. ಆಚೆ ತುದಿಯಲ್ಲಿ ಗೋಲ್‌ಕೀಪರ್ ಚೆಂಡು ಒದ್ದದ್ದು ಮೊದಲು ಕಾಣುತ್ತದೆ, ‘ಧಪ್’ ಎಂಬ ಸದ್ದು ಆಮೇಲೆ ಬರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನೂರೈವತ್ತು ಮೀಟರ್ ದಾಟಲು ಅರ್ಧ ಸೆಕೆಂಡಿಗೆ ಹತ್ತಿರ. ಎದುರು ಗ್ಯಾಲರಿಯವರ ಚಪ್ಪಾಳೆ ನಮ್ಮದಕ್ಕೆ ಎಂದೂ ತಾಳ ಕೂಡದಿರುವುದು ಇದರಿಂದಲೇ ಹೊರತು ಅವರಿಗೆ ತಾಳಜ್ಞಾನ ಇಲ್ಲವೆಂದಲ್ಲ. ತರಗತಿಯಲ್ಲಿ ಎರಡು ಪೀರಿಯಡ್ ಹಿಡಿಯುವ ಪಾಠ ಇಲ್ಲಿ ಒಂದೇ ಒದೆಗೆ ಮುಗಿಯುತ್ತದೆ.

ನಾನು ಕಂಡ ಅತ್ಯುತ್ತಮ ಸಂಜೆ 2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಾಳಿ ಹಿಂದಿನ ವರ್ಷದ ವಿಜೇತ, ಮಲೇಷ್ಯಾದ ಜೋಹೊರ್ ತಂಡ. ಮೊದಲ ಗೋಲು ಅವರದೇ. ಆಮೇಲೆ ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು: 3-1. ಈ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದಾಯಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0-1ರಿಂದ ಸೋತದ್ದು ಬೇರೆ ಮಾತು.

ಆದರೆ ಹೆಚ್ಚು ನೆನಪಾಗುವುದು 2018ರ ಮಾರ್ಚ್ 17. ಐಎಸ್‌ಎಲ್ ಫೈನಲ್, ನಮ್ಮದೇ ಮೈದಾನ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊಸ್ತಿಲಲ್ಲಿತ್ತು. ‘ಮೇಷ್ಟ್ರೇ, ನೀವೇ ಮ್ಯಾಚಿಗೆ ಹೊರಟರೆ ನಾನು ಇವನನ್ನು ಹೇಗೆ ತಡೆಯಲಿ?’ ಎಂದು ಕೇಳಿದ ತಂದೆಯೊಬ್ಬರು, ಕೊನೆಗೆ ಮಗನ ಕಾವಲಿಗೆಂದು ತಾವೂ ಬಂದರು. ಒಂಬತ್ತನೇ ನಿಮಿಷಕ್ಕೇ ಛೆಟ್ರಿ ಗೋಲು ಹೊಡೆದಾಗ ಆ ತಂದೆ ಎದ್ದು ನಿಂತವರು ಮತ್ತೆ ಕೂರಲಿಲ್ಲ. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ತಲೆ ಕೊಟ್ಟು ಎರಡು ಗೋಲು ಗಳಿಸಿದ. ಕೊನೆಗೆ 2-3. ಲೀಗ್ ಹಂತದಲ್ಲಿ ಎಲ್ಲರಿಗಿಂತ ಮುಂದಿದ್ದ ತಂಡ, ಕಪ್ಪನ್ನು ತನ್ನ ಮನೆಯಂಗಳದಲ್ಲೇ ಬಿಟ್ಟುಕೊಟ್ಟಿತು. ಹುಡುಗ ಅಳುತ್ತಿದ್ದ. ತಂದೆ ಅವನ ಹೆಗಲ ಮೇಲೆ ಕೈಯಿಟ್ಟು, ‘ಮುಂದಿನ ವರ್ಷ ಯಾವಾಗ ಶುರುವಾಗುತ್ತೆ ಸಾರ್?’ ಎಂದು ನನ್ನನ್ನು ಕೇಳಿದರು. ಗೆದ್ದ ದಿನ ಜೈಕಾರ ಹಾಕುವವರು ಸಾವಿರ ಮಂದಿ. ಅಭಿಮಾನಿ ಹುಟ್ಟುವುದು ಇಂಥ ರಾತ್ರಿಗಳಲ್ಲಿ ಎಂದೇ ನನ್ನ ನಂಬಿಕೆ.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. ಹೆಚ್ಚುವರಿ ಅವಧಿಯ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡ್ ಮಾಡಿ ಗೋಲು ಗಳಿಸಿದ. ಅದೂ ಕಾರ್ನರ್‌ನಿಂದಲೇ! ಟಿ.ವಿ. ಮುಂದೆ ನಾನು ಹಾಕಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದ್ದರು.

2025ರ ಜುಲೈನಲ್ಲಿ, ಒಪ್ಪಂದ ನವೀಕರಣದ ಗೊಂದಲದಿಂದ, ಇಡೀ ಲೀಗೇ ಅನಿಶ್ಚಿತವಾಯಿತು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. ಎಂದಿನಂತೆ ಸೆಪ್ಟೆಂಬರ್ ಬಂತು, ಪಂದ್ಯಗಳು ಬರಲಿಲ್ಲ. ಆ ದಿನಗಳಲ್ಲೊಮ್ಮೆ ಅದೇ ತಂದೆ ಯಲಹಂಕದ ಸಂತೆಯಲ್ಲಿ ಸಿಕ್ಕರು. ತರಕಾರಿ ಚೀಲ ಕೆಳಗಿಟ್ಟು ಅರ್ಧ ಗಂಟೆ ಮಾತಾಡಿದೆವು. ಮಗ ಈಗ ಎಂಜಿನಿಯರಂತೆ. ಆ ವಿಷಯಕ್ಕೆ ಅವರು ಕೊಟ್ಟದ್ದು ಎರಡೇ ನಿಮಿಷ.